ಅತಿಥಿಗೆ ಕುರ್ಚಿ ಕೊಡಿ, ಗ್ಯಾಲರಿ ಕೊಡಬೇಡಿ

ಜೋಯಿಡಾ ತಾಲ್ಲೂಕಿನ ರಾಮನಗರ ದಾಟಿ ಅನಮೋಡ ಘಾಟಿ ಇಳಿದರೆ ಗೋವಾ. ಘಟ್ಟದ ಮೇಲಿನ ಈ ಭಾಗದ ಫುಟ್‌ಬಾಲ್ ಪ್ರಿಯರಿಗೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕಿಂತ ಮಡಗಾಂವದ ಫತೋರ್ಡಾ ಮೈದಾನವೇ ಹತ್ತಿರ. 2025ರ ಅಕ್ಟೋಬರ್ 22ರಂದು ಅಲ್ಲಿ ಎಫ್‌ಸಿ ಗೋವಾ ತಂಡ ಸೌದಿ ಅರೇಬಿಯಾದ ಅಲ್ ನಸ್ರ್ ವಿರುದ್ಧ ಏಷ್ಯಾ ಮಟ್ಟದ ಪಂದ್ಯವೊಂದನ್ನು ಆಡಿತು. ಕ್ರಿಸ್ಟಿಯಾನೊ ರೊನಾಲ್ಡೊ ಬರಬಹುದೆಂಬ ಆಸೆ ಎಲ್ಲರಲ್ಲಿತ್ತು. ಟಿಕೆಟ್ ದರವೂ ಮಾಮೂಲಿ ಲೀಗ್ ಪಂದ್ಯಗಳಿಗಿಂತ ಬಹಳ ಮೇಲೇರಿತ್ತು. ರೊನಾಲ್ಡೊ ಬರಲೇ ಇಲ್ಲ. ಗೋವಾ 1–2ರಿಂದ ಸೋತಿತು. ಆದರೂ ಗೋವಾದ ಹುಡುಗ ಬ್ರೈಸನ್ ಫೆರ್ನಾಂಡಿಸ್ ಹೊಡೆದ ಒಂದು ಗೋಲು ಆ ಸಂಜೆಗೆ ಅರ್ಥ ಕೊಟ್ಟಿತು. ಎರಡು ತಿಂಗಳೊಳಗೆ, ಡಿಸೆಂಬರ್ 13ರಂದು, ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣಕ್ಕೆ ಲಿಯೊನೆಲ್ ಮೆಸ್ಸಿ ಬಂದರು. ಅಲ್ಲಿ ತಾರೆ ನಿಜವಾಗಿಯೂ ಬಂದಿದ್ದರು, ಆದರೆ ಪಂದ್ಯವಿರಲಿಲ್ಲ. ರಾಜಕಾರಣಿಗಳು, ಗಣ್ಯರು, ಮೊಬೈಲ್ ಹಿಡಿದ ಆಪ್ತರು ಅವರನ್ನು ಮುತ್ತಿಕೊಂಡರು. ಸಾವಿರಾರು ರೂಪಾಯಿ ತೆತ್ತು ಗ್ಯಾಲರಿಯಲ್ಲಿ ಕುಳಿತವರಿಗೆ ಆ ಗುಂಪಿನ ಬೆನ್ನಷ್ಟೇ ಕಂಡಿತು. ಮೆಸ್ಸಿ ಬೇಗನೆ ಹೊರಟರು, ಬಾಟಲಿಗಳೂ ಕುರ್ಚಿಗಳೂ ಮೈದಾನಕ್ಕೆ ಹಾರಿದವು, ಸಂಘಟಕನ ಬಂಧನವಾಯಿತು. ಈ ಎರಡು ಪ್ರಸಂಗಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಪ್ರಶ್ನೆ ಏಳುತ್ತದೆ: ಕ್ರೀಡಾಂಗಣದಲ್ಲಿ ನಿಜವಾಗಿ ಮಾರಾಟವಾಗುವುದು ಏನು? ಅದನ್ನು ತಯಾರಿಸುವವರು ಯಾರು? ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದಂಥ ಊರುಗಳು ಈ ಪ್ರಶ್ನೆಯನ್ನು ಈಗಲೇ ಕೇಳಿಕೊಳ್ಳಬೇಕು. ಏಕೆಂದರೆ ಇಲ್ಲಿ ಒಂದೆಡೆ ಹಳೆಯ ಆಟದ ಕಣಗಳಿವೆ, ಇನ್ನೊಂದೆಡೆ ಹೊಸ ಪ್ರವಾಸೋದ್ಯಮವಿದೆ. ಇವೆರಡೂ ಒಂದನ್ನೊಂದು ಮುಟ್ಟುವ ದಿನ ದೂರವಿಲ್ಲ.

ಮೊದಲು ಕಂಪನಿ ಆತಿಥ್ಯ ಎಂಬುದರ ವ್ಯವಹಾರ ನೋಡೋಣ. ಒಂದು ಕಂಪನಿ ಕ್ರೀಡಾಂಗಣದ ಗಾಜಿನ ಕೋಣೆಯೊಂದನ್ನು, ಅಂದರೆ ಬಾಕ್ಸ್ ಒಂದನ್ನು, ಇಡೀ ಋತುವಿಗೆ ಹಿಡಿಯುತ್ತದೆ. ಅಲ್ಲಿ ಊಟ, ಪಾನೀಯ, ಮೆತ್ತನೆಯ ಆಸನ, ಕೆಲವೊಮ್ಮೆ ನಿವೃತ್ತ ಆಟಗಾರನೊಬ್ಬನ ಹಸ್ತಲಾಘವ. ಕರೆಯುವುದು ದೊಡ್ಡ ಗಿರಾಕಿಗಳನ್ನು, ಗುತ್ತಿಗೆ ಕೊಡಬಲ್ಲವರನ್ನು, ವರ್ಷದ ಗುರಿ ಮುಟ್ಟಿದ ಸ್ವಂತ ನೌಕರರನ್ನು. ಹಣ ಕಂಪನಿಯ ಖರ್ಚಿನ ಖಾತೆಗೆ ಹೋಗುವುದರಿಂದ ಒಳಗೆ ಕುಳಿತವನಿಗೆ ಅದರ ಬಿಸಿ ತಟ್ಟುವುದಿಲ್ಲ. ಹೀಗಾಗಿ ಕ್ಲಬ್‌ಗೆ ಇದು ಲಾಭದ ಬಾಬತ್ತು. ಲಂಡನ್ನಿನ ಆರ್ಸೆನಲ್ ಕ್ಲಬ್ 2006ರಲ್ಲಿ 38 ಸಾವಿರ ಆಸನಗಳ ಹಳೆಯ ಹೈಬರಿ ಮೈದಾನ ಬಿಟ್ಟು 60 ಸಾವಿರ ಆಸನಗಳ ಹೊಸ ಕ್ರೀಡಾಂಗಣಕ್ಕೆ ಹೋದಾಗ, ನಡುವಿನ ಅಂತಸ್ತಿನ ಸುಮಾರು 7,000 ಆಸನಗಳನ್ನೂ ಸುಮಾರು 150 ಬಾಕ್ಸ್‌ಗಳನ್ನೂ ಇಂಥ ದುಬಾರಿ ಗಿರಾಕಿಗಳಿಗೆಂದೇ ಕಟ್ಟಿಸಿತು. ಇದರ ಜೊತೆಗೆ ಬಂದವರು ಪ್ರವಾಸಿ ಬೆಂಬಲಿಗರು. ವಿಮಾನ, ಹೋಟೆಲ್, ಪಂದ್ಯದ ಟಿಕೆಟ್, ಕೊರಳಿಗೊಂದು ಸ್ಕಾರ್ಫ್ ಎಲ್ಲ ಸೇರಿಸಿದ ಪ್ಯಾಕೇಜು ಇವರಿಗೆ ಸಿಗುತ್ತದೆ. ಬ್ರಿಟನ್ನಿನ ಪ್ರವಾಸೋದ್ಯಮ ಸಂಸ್ಥೆಯ ಲೆಕ್ಕದಂತೆ 2014ರಲ್ಲಿ ಸುಮಾರು 8 ಲಕ್ಷ ವಿದೇಶಿ ಪ್ರವಾಸಿಗರು ಅಲ್ಲಿ ಫುಟ್‌ಬಾಲ್ ಪಂದ್ಯ ನೋಡಿದ್ದರು. 2019ರ ಹೊತ್ತಿಗೆ ಆ ಸಂಖ್ಯೆ 15 ಲಕ್ಷಕ್ಕೆ ಏರಿತು. ಇಂಥ ಪ್ರೇಕ್ಷಕರ ಬಗೆಗಿನ ದೂರು ಹೊಸದೇನಲ್ಲ. ಮ್ಯಾಂಚೆಸ್ಟರ್ ಯುನೈಟೆಡ್ ನಾಯಕ ರಾಯ್ ಕೀನ್ 2000ದ ನವೆಂಬರಿನಲ್ಲೇ, ತಮ್ಮ ಮೈದಾನಕ್ಕೆ ಬಂದು ಪಾನೀಯ ಹೀರಿ ಸೀಗಡಿ ಸ್ಯಾಂಡ್‌ವಿಚ್ ತಿನ್ನುವ ಕೆಲವರಿಗೆ ಅಂಗಳದಲ್ಲಿ ಏನು ನಡೆಯುತ್ತಿದೆಯೆಂಬುದೇ ತಿಳಿಯುವುದಿಲ್ಲ ಎಂದು ಸಿಡಿದಿದ್ದರು.

ಕೀನ್ ಅವರದು ಸಿಟ್ಟಿನ ಮಾತು. ಆ ಸಿಟ್ಟಿನ ಹಿಂದಿನ ಸತ್ಯಕ್ಕೆ ಪುರಾವೆ ಸಿಕ್ಕಿದ್ದು ಇಪ್ಪತ್ತು ವರ್ಷಗಳ ನಂತರ, ಕೊರೊನಾ ಕಾಲದಲ್ಲಿ. 2020ರ ಮೇ 16ರಂದು ಜರ್ಮನಿಯ ಬುಂಡೆಸ್‌ಲಿಗಾ ಖಾಲಿ ಗ್ಯಾಲರಿಗಳ ಮುಂದೆ ಮತ್ತೆ ಶುರುವಾಯಿತು. ಜೂನ್ 17ರಂದು ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಕೂಡ. ಆಟಗಾರರು ಅವರೇ, ಅಂಗಳ ಅದೇ, ಕ್ಯಾಮೆರಾಗಳೂ ಅವೇ. ಆದರೂ ಟಿ.ವಿ. ಮುಂದೆ ಕುಳಿತವರಿಗೆ ಏನೋ ಸಪ್ಪೆ ಎನಿಸಿತು. ಪ್ರಸಾರ ಸಂಸ್ಥೆಗಳು ವಿಡಿಯೊ ಗೇಮ್‌ಗೆಂದು ಮುದ್ರಿಸಿಟ್ಟಿದ್ದ ಜನರ ಕೂಗನ್ನು ತಂದು ಪಂದ್ಯಕ್ಕೆ ಸೇರಿಸಬೇಕಾಯಿತು. ಪರಿಣಾಮ ಅಂಗಳದೊಳಗೂ ಕಂಡಿತು. ಬಹುಪಾಲು ಪಂದ್ಯಗಳು ಖಾಲಿ ಕ್ರೀಡಾಂಗಣದಲ್ಲೇ ನಡೆದ 2020–21ರ ಋತುವಿನಲ್ಲಿ ಪ್ರೀಮಿಯರ್ ಲೀಗ್‌ನ ತವರು ತಂಡಗಳು 144 ಪಂದ್ಯ ಗೆದ್ದರೆ ಎದುರಾಳಿ ಊರಿನಿಂದ ಬಂದ ತಂಡಗಳು 153 ಗೆದ್ದವು. ಇಂಗ್ಲೆಂಡಿನ ಅತ್ಯುನ್ನತ ದರ್ಜೆಯ ಫುಟ್‌ಬಾಲ್ ಚರಿತ್ರೆಯಲ್ಲಿ ಹಿಂದೆಂದೂ ಹಾಗಾಗಿರಲಿಲ್ಲ. ತವರಿನ ಬಲ ಎಂದು ನಾವು ಕರೆಯುತ್ತಿದ್ದುದರಲ್ಲಿ ಮಣ್ಣಿನ ಪಾಲಿಗಿಂತ ಮಂದಿಯ ಪಾಲು ದೊಡ್ಡದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಯೋಗ ಬೇಕಿಲ್ಲ. ಹಾಗಾದರೆ ಗ್ಯಾಲರಿಯಲ್ಲಿ ಕೂಗುವವನನ್ನು ಬರೀ ಗಿರಾಕಿ ಎಂದು ಎಣಿಸುವುದು ಲೆಕ್ಕದ ತಪ್ಪು. ಸಿನಿಮಾ ಮಂದಿರದಲ್ಲಿ ಪ್ರೇಕ್ಷಕ ಬಂದರೂ ಬಾರದಿದ್ದರೂ ಚಿತ್ರ ಬದಲಾಗದು. ಪಂದ್ಯದಲ್ಲಿ ನೋಡುವವನು ಸರಕಿನ ಒಂದು ಭಾಗವನ್ನು ತಾನೇ ತಯಾರಿಸುತ್ತಾನೆ. ಬಾಕ್ಸ್‌ನಲ್ಲಿ ಕುಳಿತ ಅತಿಥಿ ದುಬಾರಿ ಹಣ ಕೊಟ್ಟು ಅನುಭವಿಸಲು ಬಂದಿರುವುದು ಅದನ್ನೇ. ಅತಿಥಿಯ ಆಸನ ಹೆಚ್ಚಿಸಲು ಕೂಗುವವನನ್ನೇ ಹೊರಗೆ ಹಾಕುವುದೆಂದರೆ ಬೀಜಕ್ಕಿಟ್ಟ ಭತ್ತವನ್ನು ಕುಟ್ಟಿ ಉಂಡಂತೆ. ಆ ವರ್ಷ ಹೊಟ್ಟೆ ತುಂಬುತ್ತದೆ. ಮರುವರ್ಷ ಗದ್ದೆ ಖಾಲಿ.

ಹಣ ಕೊಟ್ಟ ಅತಿಥಿಯೂ ಕೂಗಬಹುದಲ್ಲ ಎಂದು ಕೇಳಬಹುದು. ಕೂಗಬಹುದು, ಆದರೆ ಗ್ಯಾಲರಿಯ ಕೂಗು ಒಬ್ಬಂಟಿಯ ಕಸುಬಲ್ಲ. ಅದೇ ಜಾಗದಲ್ಲಿ ಅದೇ ಜನ ವಾರ ವಾರವೂ ಸೇರಿದಾಗ, ಸೋತ ಋತುಗಳಲ್ಲೂ ಬಿಡದೆ ಬಂದಾಗ, ಯಾವ ಆಟಗಾರನಿಗೆ ಯಾವ ಹಾಡು ಎಂಬುದು ಹಿರಿಯರಿಂದ ಕಿರಿಯರಿಗೆ ದಾಟಿದಾಗ ಅದು ಹುಟ್ಟುತ್ತದೆ. ಬೆಂಗಳೂರು ಎಫ್‌ಸಿಯ ವೆಸ್ಟ್ ಬ್ಲಾಕ್ ಬ್ಲೂಸ್, ಕೇರಳ ಬ್ಲಾಸ್ಟರ್ಸ್‌ನ ಮಂಜಪ್ಪಡ ಹೀಗೆ ಕಟ್ಟಿಕೊಂಡ ಗುಂಪುಗಳು. ಜರ್ಮನಿಯ ಡಾರ್ಟ್‌ಮುಂಡ್ ಮೈದಾನದ ದಕ್ಷಿಣ ಗ್ಯಾಲರಿಯಲ್ಲಿ ಸುಮಾರು 25 ಸಾವಿರ ಮಂದಿ ನಿಂತೇ ಪಂದ್ಯ ನೋಡುತ್ತಾರೆ. ಅಲ್ಲೂ ಕಂಪನಿ ಬಾಕ್ಸ್‌ಗಳಿವೆ, ಪ್ರಾಯೋಜಕರಿದ್ದಾರೆ; ಆದರೆ ನಿಲ್ಲುವ ಜಾಗದ ದರವನ್ನು ಊರವರ ಕೈಗೆಟುಕುವಷ್ಟರಲ್ಲೇ ಇಟ್ಟಿದ್ದಾರೆ. ಸ್ವಾರಸ್ಯವೆಂದರೆ, ತಮ್ಮ ಊರಿನ ದರ ತಾಳಲಾರದ ಇಂಗ್ಲಿಷರೇ ಈಗ ಆ ಗ್ಯಾಲರಿ ನೋಡಲು ಜರ್ಮನಿಗೆ ಹೋಗುತ್ತಾರೆ. ಸ್ಥಳೀಯರನ್ನು ಉಳಿಸಿಕೊಂಡ ಮೈದಾನಕ್ಕೇ ಪ್ರವಾಸಿಗನೂ ಬರುತ್ತಾನೆ ಎಂಬುದು ಇದರಿಂದ ಸಿಗುವ ಪಾಠ. ಲಿವರ್‌ಪೂಲ್ ಆ ಪಾಠವನ್ನು ಪೆಟ್ಟು ತಿಂದು ಕಲಿಯಿತು. ಹೊಸ ಸ್ಟ್ಯಾಂಡಿನ ಅತ್ಯುತ್ತಮ ಆಸನಕ್ಕೆ 77 ಪೌಂಡ್ ಎಂದು ಆಡಳಿತ ಘೋಷಿಸಿದಾಗ, 2016ರ ಫೆಬ್ರುವರಿ 6ರ ಪಂದ್ಯದಲ್ಲಿ 77ನೇ ನಿಮಿಷಕ್ಕೆ ಸರಿಯಾಗಿ ಸುಮಾರು 10 ಸಾವಿರ ಮಂದಿ ಎದ್ದು ಹೊರನಡೆದರು. ಆಗ 2–0 ಮುಂದಿದ್ದ ತಂಡ ಕೊನೆಗೆ 2–2ರ ಸಮಕ್ಕೆ ಇಳಿಯಿತು. ವಾರದೊಳಗೆ ಮಾಲೀಕರು ಕ್ಷಮೆ ಕೇಳಿ ದರ ಹಿಂತೆಗೆದುಕೊಂಡರು. ಅದೇ ವರ್ಷ ಪ್ರೀಮಿಯರ್ ಲೀಗ್ ಎದುರಾಳಿ ಊರಿನಿಂದ ಬರುವ ಬೆಂಬಲಿಗರ ಟಿಕೆಟ್‌ಗೆ 30 ಪೌಂಡ್‌ಗಳ ಮಿತಿ ಹಾಕಿತು.

ಇದೆಲ್ಲ ದೂರದೇಶದ ಕತೆ ಎನ್ನುವವರು ಹಳಿಯಾಳದ ಕುಸ್ತಿ ಕಣಕ್ಕೆ ಬರಬೇಕು. ಹಳಿಯಾಳ ಪೈಲ್ವಾನರ ಊರು. ಇಲ್ಲಿ ಗರಡಿಯ ಪರಂಪರೆ ಇದೆ, ಸರ್ಕಾರದ ಕುಸ್ತಿ ಕ್ರೀಡಾ ವಸತಿನಿಲಯವಿದೆ. ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಇಲ್ಲಿಂದ ರಾಷ್ಟ್ರಮಟ್ಟದ ಕಣಗಳಿಗೆ ಏರಿದ್ದಾರೆ. ಮಣ್ಣಿನ ಕಣದ ಸುತ್ತ ನೆಲಕ್ಕೆ ಕುಳಿತ ಮಂದಿಯಲ್ಲಿ ಅರ್ಧಕ್ಕರ್ಧ ಜನರಿಗೆ ಪಟ್ಟುಗಳ ಹೆಸರು ಗೊತ್ತು. ಯಾರು ದಮ್ಮು ಕಳೆದುಕೊಂಡಿದ್ದಾನೆ, ಯಾರು ಸಮಯ ತಳ್ಳುತ್ತಿದ್ದಾನೆ ಎಂಬುದನ್ನು ಪಂಚರಿಗಿಂತ ಮೊದಲು ಅವರೇ ಕೂಗಿ ಹೇಳುತ್ತಾರೆ. ಮೆಚ್ಚಿದ ಜಟ್ಟಿಗೆ ನೋಡುಗನೇ ಎದ್ದು ನಿಂತು ಇನಾಮು ಕೊಡುವುದು ಬಯಲು ಕುಸ್ತಿಯ ಹಳೆಯ ರೂಢಿ. ಹಣವುಳ್ಳವನು ಇಲ್ಲೂ ಇದ್ದಾನೆ, ಆದರೆ ಅವನ ಹಣ ಕಣದೊಳಕ್ಕೆ ಹೋಗುತ್ತದೆ. ಹಾಗೆಂದು ನಮ್ಮಲ್ಲಿ ಎಲ್ಲವೂ ಸರಿಯಿದೆ ಎಂದುಕೊಳ್ಳುವಂತಿಲ್ಲ. ನಮ್ಮ ಕಂಪನಿ ಬಾಕ್ಸ್ ಎಂದರೆ ವೇದಿಕೆ. ಕಣದ ಅತ್ಯುತ್ತಮ ನೋಟ ಸಿಗುವ ಕಡೆ ಶಾಮಿಯಾನ, ಅದರಡಿ ಸೋಫಾ, ಎದುರು ನೀರಿನ ಬಾಟಲಿ ಮತ್ತು ಗೋಡಂಬಿ ತಟ್ಟೆ. ಹಾರ, ಶಾಲು, ಪೇಟ, ಭಾಷಣ, ಸನ್ಮಾನ ಮುಗಿಯುವಷ್ಟರಲ್ಲಿ ಫೈನಲ್ ಆಡಬೇಕಾದವರ ಮೈ ತಣ್ಣಗಾಗಿರುತ್ತದೆ. ಕಬಡ್ಡಿಯಿರಲಿ, ವಾಲಿಬಾಲ್ ಇರಲಿ, ಊರ ಫುಟ್‌ಬಾಲ್ ಟೂರ್ನಿಯಿರಲಿ, ಇದೇ ಚಿತ್ರ. ಬಹಳಷ್ಟು ಅತಿಥಿಗಳು ಸನ್ಮಾನ ಮುಗಿದೊಡನೆ ಕಾರು ಹತ್ತುತ್ತಾರೆ. ಖಾಲಿ ಸೋಫಾಗಳ ಹಿಂದೆ ನಿಂತವನು ಇಣುಕಿ ಇಣುಕಿ ಆಟ ನೋಡುತ್ತಾನೆ. ಲಂಡನ್ನಿನ ಗಾಜಿನ ಕೋಣೆಯನ್ನು ಬೈಯುವ ಮೊದಲು ಈ ಸೋಫಾವನ್ನು ನಾವು ನೋಡಿಕೊಳ್ಳಬೇಕು.

ಮುಂಡಗೋಡದ ಟಿಬೆಟಿಯನ್ ಕ್ಯಾಂಪ್ ಇನ್ನೊಂದು ಬಗೆಯ ಪಾಠ ಕೊಡುತ್ತದೆ. 1966ರಲ್ಲಿ ಇಲ್ಲಿ ನೆಲೆ ಕಂಡ ಡೊಗುಲಿಂಗ್ ವಸಾಹತುವಿನಲ್ಲಿ ಗದ್ದೆ, ಮಠಗಳ ಜೊತೆ ಫುಟ್‌ಬಾಲೂ ಬೇರು ಬಿಟ್ಟಿದೆ. ದಲೈ ಲಾಮಾ ಅವರ ತಾಯಿಯ ನೆನಪಿನಲ್ಲಿ 1981ರಲ್ಲಿ ಆರಂಭವಾದ ಗ್ಯಾಲ್ಯುಮ್ ಚೆನ್ಮೊ ಚಿನ್ನದ ಕಪ್ ಟೂರ್ನಿಗೆ ಭಾರತದ ಬೇರೆ ಬೇರೆ ಟಿಬೆಟಿಯನ್ ವಸಾಹತುಗಳಿಂದ ತಂಡಗಳು ಸೇರುತ್ತವೆ. ಬೈಲಕುಪ್ಪೆ, ಮುಂಡಗೋಡದ ತಂಡಗಳನ್ನು ಹಿಂಬಾಲಿಸಿ ಅವರ ಜನ ನೂರಾರು ಮೈಲಿ ಪ್ರಯಾಣ ಮಾಡುತ್ತಾರೆ. ದೂರದಿಂದ ಬರುವವರೆಲ್ಲ ಆಟವನ್ನು ಸಪ್ಪೆ ಮಾಡುತ್ತಾರೆ ಎಂಬ ಆರೋಪ ಇಲ್ಲಿ ಬಿದ್ದುಹೋಗುತ್ತದೆ. ಬಂದವನಿಗೆ ಕಳೆದುಕೊಳ್ಳಲು ಏನಾದರೂ ಇದೆಯೇ ಎಂಬುದು ಮುಖ್ಯ; ಎಷ್ಟು ಮೈಲಿಯಿಂದ ಬಂದ ಎಂಬುದಲ್ಲ. ತಂಡ ಸೋತರೆ ಅವನ ಊರೂ ಸೋಲುತ್ತದೆ ಎಂದಾದರೆ ಅವನು ಗ್ಯಾಲರಿಯವನೇ. ಇದೇ ಟಿಬೆಟಿಯನ್ ಫುಟ್‌ಬಾಲ್ ಪ್ರಾಯೋಜಕರ ಹಣದ ಇನ್ನೊಂದು ಮುಖವನ್ನೂ ಕಂಡಿದೆ. ಫೀಫಾ ಮಾನ್ಯತೆಯಿಲ್ಲದ ಟಿಬೆಟ್ ತಂಡ 2001ರಲ್ಲಿ ಕೋಪನ್‌ಹೇಗನ್‌ನಲ್ಲಿ ಗ್ರೀನ್‌ಲ್ಯಾಂಡ್ ವಿರುದ್ಧ ತನ್ನ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿ 1–4ರಿಂದ ಸೋತಿತು; ಆ ಪಂದ್ಯ ನಡೆಯದಂತೆ ಚೀನಾದಿಂದ ಒತ್ತಡವಿತ್ತು. 2018ರಲ್ಲಿ ಲಂಡನ್‌ನಲ್ಲಿ ಮಾನ್ಯತೆಯಿಲ್ಲದ ನಾಡುಗಳ ವಿಶ್ವಕಪ್ ನಡೆದಾಗ, ಟಿಬೆಟ್ ತಂಡ ಆಡುತ್ತದೆಂಬ ಕಾರಣಕ್ಕೆ ಕೆಲವು ಪ್ರಾಯೋಜಕರು ಕೈಬಿಟ್ಟರೆಂದು ಸಂಘಟಕರೇ ಹೇಳಿದ್ದರು. ಯಾರು ಕೂರಬೇಕು ಎಂದು ನಿರ್ಧರಿಸುವ ಹಣ, ಬಿಟ್ಟರೆ, ಯಾರು ಆಡಬೇಕು ಎಂಬುದನ್ನೂ ನಿರ್ಧರಿಸಲು ಹೊರಡುತ್ತದೆ.

ಇನ್ನು ದಾಂಡೇಲಿ ಮತ್ತು ಜೋಯಿಡಾ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಯ ಸುತ್ತ ಬೆಳೆದ ದಾಂಡೇಲಿ ಕಂಪನಿ ಆತಿಥ್ಯದ ಹಳೆಯ ರೂಪವೊಂದನ್ನು ಬಲ್ಲದು. ದಸರೆಯಲ್ಲಿ ಬಂಗೂರನಗರದ ಮೈದಾನದಲ್ಲಿ ಕಾರ್ಖಾನೆ ನಡೆಸುವ ರಾಮಲೀಲಾಕ್ಕೆ ಇಡೀ ಊರೇ ಅತಿಥಿ. ರಾವಣನನ್ನು ಸುಡುವುದನ್ನು ನೋಡಲು ಸುತ್ತಲಿನ ಹಳ್ಳಿಗಳಿಂದ ಜನ ಬರುತ್ತಾರೆ. ಅಲ್ಲೂ ಖರ್ಚು ಕಂಪನಿಯದೇ, ಆದರೆ ಬಾಗಿಲು ಎಲ್ಲರಿಗೂ ತೆರೆದದ್ದು. ಈಗ ಕಾಳಿ ನದಿಯ ದಂಡೆಯಲ್ಲಿ, ಗಣೇಶಗುಡಿಯ ಆಸುಪಾಸಿನಲ್ಲಿ, ಜೋಯಿಡಾದ ಕಾಡಂಚಿನಲ್ಲಿ ಎದ್ದಿರುವ ಹೊಸ ಆತಿಥ್ಯ ಬೇರೆ ಜಾತಿಯದು. ವಾರಾಂತ್ಯಕ್ಕೆ ಬೆಂಗಳೂರು, ಪುಣೆಗಳಿಂದ ಕಂಪನಿಗಳ ನೌಕರರು ತಂಡತಂಡವಾಗಿ ಬರುತ್ತಾರೆ. ರಾಫ್ಟಿಂಗ್, ಸಫಾರಿ, ರಾತ್ರಿಗೆ ಬೆಂಕಿಯ ಸುತ್ತ ಕಾರ್ಯಕ್ರಮ. ಇದರಿಂದ ಇಲ್ಲಿನ ನೂರಾರು ಮನೆಗಳ ಒಲೆ ಉರಿಯುತ್ತಿದೆ, ಅದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಪ್ಯಾಕೇಜಿಗೆ ಒಂದು ಗುಣವಿದೆ: ಅದು ಸದಾ ಹೊಸ ಬಾಬತ್ತು ಹುಡುಕುತ್ತಿರುತ್ತದೆ. ಸಿದ್ದಿಗಳ ಡಮಾಮಿ ಕುಣಿತ ಮನೆಯಂಗಳದಿಂದ ವೇದಿಕೆಗೆ ಬಂದದ್ದನ್ನು ನಾವು ನೋಡಿದ್ದೇವೆ. ನಾಳೆ ಹಳಿಯಾಳದ ಕುಸ್ತಿಯೋ ಮುಂಡಗೋಡದ ಫುಟ್‌ಬಾಲೋ ಎರಡು ದಿನದ ಪ್ಯಾಕೇಜಿನ ಸಂಜೆ ಆರರಿಂದ ಎಂಟರ ಬಾಬತ್ತಾದರೆ ಅಚ್ಚರಿಯಿಲ್ಲ. ಹಾಗಾದರೆ ಆಗಲಿ; ಜಟ್ಟಿಗೆ ನಾಲ್ಕು ಕಾಸು ಹೆಚ್ಚು ಸಿಕ್ಕರೆ ಒಳ್ಳೆಯದೇ. ಆದರೆ ಅಂದು ಕಣದ ಮುಂದಿನ ಸಾಲಿನಲ್ಲಿ ಯಾರು ಕುಳಿತಿರುತ್ತಾರೆ ಎಂಬುದನ್ನು ಇಂದೇ ತೀರ್ಮಾನಿಸದಿದ್ದರೆ, ಪ್ರವಾಸಿಗನಿಗೆ ಪಟ್ಟು ಅರ್ಥವಾಗಲೆಂದು ಕುಸ್ತಿಯನ್ನು ಐದು ನಿಮಿಷದ ನಾಟಕ ಮಾಡುವವರೆಗೆ ಅದು ಹೋಗಿ ನಿಲ್ಲುತ್ತದೆ.

ಗ್ಯಾಲರಿಯನ್ನು ಊರವರಿಗೆ ಉಳಿಸಬೇಕೆಂಬ ಮಾತಿಗೆ ಬರುವ ಮೊದಲ ಆಕ್ಷೇಪ ಹಣದ್ದು. ಸಿರಿವಂತ ಅತಿಥಿ ಬಾರದಿದ್ದರೆ ಟೂರ್ನಿ ನಡೆಸುವುದು ಹೇಗೆ? ಬಾಕ್ಸ್‌ನವನು ಕೊಟ್ಟದ್ದರಿಂದಲೇ ಗ್ಯಾಲರಿಯವನಿಗೆ ಅಗ್ಗದ ಟಿಕೆಟ್ ಸಿಗುತ್ತದಲ್ಲವೇ? ಈ ವಾದದಲ್ಲಿ ಹುರುಳಿದೆ. ಜರ್ಮನಿಯ ಮಾದರಿ ನಿಂತಿರುವುದೇ ಅದರ ಮೇಲೆ. ಆದರೆ ಅದು ತಾನಾಗಿ ಆಗುವ ಕೆಲಸವಲ್ಲ. ಬಾಕ್ಸ್‌ನ ಹಣ ಗ್ಯಾಲರಿಯ ದರ ಇಳಿಸಬೇಕೆಂಬ ನಿಯಮವಿದ್ದರೆ ಮಾತ್ರ ಇಳಿಯುತ್ತದೆ. ಇಲ್ಲದಿದ್ದರೆ ಎರಡೂ ಏರುತ್ತವೆ. ಮೇಲಾಗಿ ದೊಡ್ಡ ಲೀಗ್‌ಗಳಲ್ಲಿ ಗೇಟಿನ ಹಣ ಸಣ್ಣ ಪಾಲು. 2022–23ರಲ್ಲಿ ಪ್ರೀಮಿಯರ್ ಲೀಗ್ ಕ್ಲಬ್‌ಗಳ ಒಟ್ಟು ವರಮಾನ 6 ಶತಕೋಟಿ ಪೌಂಡ್ ದಾಟಿತ್ತು. ಅದರಲ್ಲಿ ಪಂದ್ಯದ ದಿನದ ಗಳಿಕೆ ಏಳರಲ್ಲೊಂದು ಪಾಲಿನ ಆಸುಪಾಸು. ಉಳಿದದ್ದು ಪ್ರಸಾರ ಮತ್ತು ಜಾಹೀರಾತಿನದು, ಅದು ಬರುವುದು ತುಂಬಿದ ಗ್ಯಾಲರಿಯ ಸದ್ದು ಟಿ.ವಿ.ಯಲ್ಲಿ ಚೆನ್ನಾಗಿ ಕೇಳುವುದರಿಂದ. ನಮ್ಮ ದೇಶದಲ್ಲಿ ವಾಣಿಜ್ಯ ಪಾಲುದಾರನ ಮೇಲೆಯೇ ಭಾರ ಹಾಕಿದ್ದರ ಫಲವೂ ಕಣ್ಣೆದುರಿದೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2010ರಲ್ಲಿ ಮಾಡಿಕೊಂಡ ಹದಿನೈದು ವರ್ಷಗಳ ಹಕ್ಕುಗಳ ಒಪ್ಪಂದ ಮುಗಿಯುತ್ತ ಬಂದಾಗ, 2025ರ ಜುಲೈನಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಮುಂದಿನ ಋತುವನ್ನೇ ತಡೆಹಿಡಿಯಲಾಯಿತು; ಆಟಗಾರರ ಸಂಬಳಕ್ಕೂ ಕುತ್ತು ಬಂತು. ನಮ್ಮದೇ ಸಿದ್ದಿ ಮಕ್ಕಳ ಕತೆ ಇದಕ್ಕಿಂತ ಹಳೆಯದು. 1980ರ ದಶಕದ ಕೊನೆಯಲ್ಲಿ ಕ್ರೀಡಾ ಪ್ರಾಧಿಕಾರದ ವಿಶೇಷ ಯೋಜನೆ ಅವರನ್ನು ಅಥ್ಲೆಟಿಕ್ಸ್‌ಗೆ ಆರಿಸಿಕೊಂಡಿತು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಮಕ್ಕಳು ಮನೆಗೆ ಮರಳಿದರು. ಮೇಲಿನಿಂದ ಬಂದ ಹಣ ಮೇಲಕ್ಕೇ ಹೋಗಬಲ್ಲದು. ಹಾಗಾಗಿ ಕಂಪನಿಯ ಹಣ ಬೇಡವೆಂದಲ್ಲ; ಅದು ತರಬೇತಿಗೆ, ಅಂಗಳಕ್ಕೆ, ಆಟಗಾರನ ಊಟಕ್ಕೆ ಬರಲಿ. 2013ರ ಕಂಪನಿ ಕಾಯ್ದೆ ಗ್ರಾಮೀಣ ಕ್ರೀಡೆಯ ತರಬೇತಿಯನ್ನು ಸಾಮಾಜಿಕ ಹೊಣೆಗಾರಿಕೆಯ ಖರ್ಚಿನ ಪಟ್ಟಿಯಲ್ಲೇ ಸೇರಿಸಿದೆ. ಮುಂಡಗೋಡದಲ್ಲಿ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಸಂಸ್ಥೆ ಸಿದ್ದಿ ಮತ್ತಿತರ ಸಮುದಾಯಗಳ ಮಕ್ಕಳಿಗೆ ಓಟದ ತರಬೇತಿ ಕೊಡುತ್ತಿರುವುದು ಅಂಥ ದಾರಿಗೆ ಹತ್ತಿರದ ಉದಾಹರಣೆ.

ಎರಡನೆಯ ಆಕ್ಷೇಪ ಇನ್ನೂ ಗಂಭೀರ: ಪ್ರವಾಸಿ ಬೆಂಬಲಿಗನನ್ನು ಕೀಳಾಗಿ ಕಾಣುವುದು ಯಾವ ನ್ಯಾಯ? ದಾಂಡೇಲಿಯ ಕಾರ್ಮಿಕನ ಮಗ ಹದಿನೈದು ವರ್ಷ ನಿದ್ದೆಗೆಟ್ಟು ಟಿ.ವಿ.ಯಲ್ಲಿ ಲಿವರ್‌ಪೂಲ್ ಪಂದ್ಯ ನೋಡಿದವನು, ದುಬೈಯಲ್ಲೋ ಲಂಡನ್ನಿನಲ್ಲೋ ಕೆಲಸ ಸಿಕ್ಕಿದ ಮೇಲೆ ಜೀವನದಲ್ಲೊಮ್ಮೆ ಆ ತಂಡದ ಆನ್‌ಫೀಲ್ಡ್ ಮೈದಾನಕ್ಕೆ ಹೋದರೆ, ಪಕ್ಕದ ಬೀದಿಯಲ್ಲಿ ಹುಟ್ಟಿದವನಿಗಿಂತ ಅವನ ಪ್ರೀತಿ ಕಡಿಮೆಯೇ? ಖಂಡಿತ ಅಲ್ಲ. ಪ್ರೀತಿಗೆ ಪಿನ್‌ಕೋಡ್ ಇಲ್ಲ. ಇಂಗ್ಲೆಂಡಿನಲ್ಲಿ ಪ್ರವಾಸಿಗರ ಮೇಲಿನ ಕೋಪದೊಳಗೆ ಕೆಲವೊಮ್ಮೆ ಏಷ್ಯಾದ ಮುಖ ಕಂಡರಾಗದ ಹಳೆಯ ರೋಗವೂ ಸೇರಿರುತ್ತದೆ. ಅದನ್ನು ನಾವು ಎರವಲು ತರಬೇಕಿಲ್ಲ. ಆದರೆ ಇಲ್ಲಿ ತೂಗುತ್ತಿರುವುದು ಪ್ರೀತಿಯನ್ನಲ್ಲ, ಆಸನಗಳ ಹಂಚಿಕೆಯನ್ನು. ಆ ಹುಡುಗ ನೋಡಲು ಹೋಗುವುದು ಹಾಡುವ ಆನ್‌ಫೀಲ್ಡನ್ನು. ಸುತ್ತಲಿನ ಹತ್ತು ಆಸನಗಳಲ್ಲಿ ಹತ್ತರಲ್ಲೂ ತನ್ನಂತೆ ಜೀವನದಲ್ಲೊಮ್ಮೆ ಬಂದವರೇ ಇದ್ದು, ಎಲ್ಲರೂ ಮೊಬೈಲ್ ಎತ್ತಿ ಹಾಡು ಯಾವಾಗ ಶುರುವಾಗುತ್ತದೆಂದು ಕಾದರೆ, ಮೋಸಹೋದವನು ಅವನೇ. ಅವನ ಹಿತಕ್ಕಾಗಿಯೇ ಹತ್ತರಲ್ಲಿ ಎಂಟು ಆಸನ ಊರವರ ಕೈಯಲ್ಲಿರಬೇಕು. ಟಿಕೆಟ್ ದಂಧೆಯವರು ಅವನಿಗೆ ಹತ್ತು ಪಟ್ಟು ದರಕ್ಕೆ ಮಾರುವ ಪ್ಯಾಕೇಜಿಗಿಂತ, ಕ್ಲಬ್ ತಾನೇ ದೂರದ ಅಭಿಮಾನಿಗಳಿಗೆಂದು ನ್ಯಾಯವಾದ ದರದಲ್ಲಿ ಒಂದಿಷ್ಟು ಆಸನ ಕಾದಿಡುವುದು ಅವನಿಗೂ ಒಳ್ಳೆಯದು.

ಮೂರನೆಯ ಆಕ್ಷೇಪ ಸುರಕ್ಷತೆಯದು. ಅಗ್ಗದ ಗ್ಯಾಲರಿ ಎಂದರೆ ನೂಕುನುಗ್ಗಲು, ಕುಡಿತ, ಹೊಡೆದಾಟ. ದರ ಏರಿದ ಮೇಲೆ ತಾನೇ ಹೆಂಗಸರು ಮಕ್ಕಳು ನೆಮ್ಮದಿಯಿಂದ ಬರುವಂತಾದದ್ದು ಎನ್ನುವವರಿದ್ದಾರೆ. 1989ರ ಏಪ್ರಿಲ್ 15ರಂದು ಹಿಲ್ಸ್‌ಬರೊ ಕ್ರೀಡಾಂಗಣದ ನೂಕುನುಗ್ಗಲಿನಲ್ಲಿ 97 ಜೀವ ಹೋದ ನಂತರ ಇಂಗ್ಲೆಂಡಿನ ದೊಡ್ಡ ಮೈದಾನಗಳಲ್ಲಿ ಎಲ್ಲರಿಗೂ ಆಸನ ಕಡ್ಡಾಯವಾಯಿತು. ದರ ಏರಿದ್ದೂ ಆಮೇಲೆಯೇ. ಆದರೆ ಆ ಸುಧಾರಣೆಗೆ ಕಾರಣವಾದ ನ್ಯಾಯಮೂರ್ತಿ ಟೇಲರ್ ಅವರ 1990ರ ವರದಿ ದರ ಏರಿಸಲು ಹೇಳಿರಲಿಲ್ಲ. ಗ್ಲಾಸ್ಗೊದಲ್ಲಿ 6 ಪೌಂಡ್‌ಗೆ ಆಸನ ಸಿಗುತ್ತಿದ್ದುದನ್ನು ತೋರಿಸಿ, ಕೈಗೆಟುಕುವ ದರದಲ್ಲೇ ಇದು ಸಾಧ್ಯ ಎಂದಿತ್ತು. ಜೀವ ಉಳಿಸುವುದು ಆಸನ, ಬಾಗಿಲು, ಪೊಲೀಸ್ ವ್ಯವಸ್ಥೆ. ಟಿಕೆಟ್ ಮೇಲಿನ ಅಂಕಿಯಲ್ಲ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 2025ರ ಜೂನ್ 4ರಂದು 11 ಮಂದಿ ಸತ್ತದ್ದಕ್ಕೆ ಪ್ರವೇಶ ಅಗ್ಗವಾದದ್ದು ಕಾರಣವಾಗಿರಲಿಲ್ಲ. ಸುಮಾರು 35 ಸಾವಿರ ಮಂದಿ ಹಿಡಿಯುವ ಜಾಗಕ್ಕೆ ಲಕ್ಷಾಂತರ ಜನರನ್ನು ಲೆಕ್ಕವಿಲ್ಲದೆ ಕರೆದು, ಯಾರಿಗೆ ಪಾಸು, ಯಾರಿಗೆ ಇಲ್ಲ ಎಂಬುದನ್ನು ಗೊಂದಲದಲ್ಲಿಟ್ಟದ್ದು ಕಾರಣ. ಗ್ಯಾಲರಿ ಊರವರಿಗೆ ಎಂದರೆ ಬಾಗಿಲು ಬಿಚ್ಚಿಡುವುದು ಎಂದರ್ಥವಲ್ಲ. ಇಂತಿಷ್ಟು ಆಸನ, ಇಂತಿಷ್ಟು ದರ, ಮೊದಲೇ ಪ್ರಕಟಣೆ, ಅಷ್ಟೇ.

ಪುಕ್ಕಟೆ ಕೊಟ್ಟರೂ ಜನ ಬರುವುದಿಲ್ಲ, ಖಾಲಿ ಬಿಡುವುದಕ್ಕಿಂತ ಅತಿಥಿಗೆ ಮಾರುವುದು ವಾಸಿ ಎಂಬ ಮಾತೂ ಇದೆ. ಪುಕ್ಕಟೆ ಪಾಸಿನಿಂದ ಜನ ಬಾರದಿರುವುದು ನಿಜ, ಏಕೆಂದರೆ ಪಾಸು ತಂಡದ ಜೊತೆ ನಂಟು ಕಟ್ಟುವುದಿಲ್ಲ. ಊರಿನ ಹುಡುಗ ತಂಡದಲ್ಲಿದ್ದರೆ, ಪಂದ್ಯದ ಹೊತ್ತು ಕೊನೆಯ ಬಸ್ಸಿಗೆ ಹೊಂದಿಕೆಯಾದರೆ, ಹೆಣ್ಣುಮಕ್ಕಳಿಗೆ ಶೌಚಾಲಯವಿದ್ದರೆ ಜನ ಹತ್ತಿಪ್ಪತ್ತು ರೂಪಾಯಿ ಕೊಟ್ಟೇ ಬರುತ್ತಾರೆ. ಅಗ್ಗದ ಟಿಕೆಟ್‌ಗೂ ದುಬಾರಿ ಟಿಕೆಟ್‌ಗೂ ಇರುವ ಭೇದವನ್ನು ಸರ್ಕಾರದ ತೆರಿಗೆ ನೀತಿಯೂ ಒಪ್ಪಿಕೊಂಡಿದೆ. 2025ರ ಸೆಪ್ಟೆಂಬರ್ 22ರಿಂದ ಐಪಿಎಲ್ ಟಿಕೆಟ್‌ಗಳ ಮೇಲೆ ಶೇ 40ರಷ್ಟು ಜಿಎಸ್‌ಟಿ ಇದೆ; ಮಾನ್ಯತೆ ಪಡೆದ ಇತರ ಕ್ರೀಡಾಕೂಟಗಳಲ್ಲಿ 500 ರೂಪಾಯಿವರೆಗಿನ ಟಿಕೆಟ್‌ಗೆ ತೆರಿಗೆಯೇ ಇಲ್ಲ, ಅದರ ಮೇಲಿನದಕ್ಕೆ ಶೇ 18. ವಿಶ್ವ ಫುಟ್‌ಬಾಲ್ ಸಂಸ್ಥೆಯೂ 2026ರ ವಿಶ್ವಕಪ್‌ನ ಟಿಕೆಟ್ ದರಗಳ ವಿರುದ್ಧ ಅಭಿಮಾನಿಗಳು ಎದ್ದಾಗ, 2025ರ ಡಿಸೆಂಬರಿನಲ್ಲಿ ಪ್ರತಿ ಪಂದ್ಯಕ್ಕೂ ಒಂದಿಷ್ಟು ಟಿಕೆಟ್‌ಗಳನ್ನು 60 ಡಾಲರ್‌ಗೆ ಕೊಡುತ್ತೇವೆಂದು ಬಗ್ಗಬೇಕಾಯಿತು. ಆ ಪಾಲು ತೀರ ಚಿಕ್ಕದು, ಆದರೆ ಒತ್ತಾಯಕ್ಕೆ ಬೆಲೆಯಿದೆ ಎಂಬುದು ಅದರಿಂದ ಗೊತ್ತಾಗುತ್ತದೆ.

ಆದ್ದರಿಂದ ಈ ನಾಲ್ಕು ತಾಲ್ಲೂಕುಗಳಲ್ಲಿ ಕುಸ್ತಿ, ಕಬಡ್ಡಿ, ಫುಟ್‌ಬಾಲ್ ಟೂರ್ನಿ ನಡೆಸುವ ಸಂಘಗಳು, ಅವುಗಳಿಗೆ ಹಣ ಕೊಡುವ ರೆಸಾರ್ಟ್ ಮತ್ತು ಕಂಪನಿಗಳು, ಮೈದಾನ ಬಿಟ್ಟುಕೊಡುವ ನಗರಸಭೆ, ಪುರಸಭೆ, ಪಂಚಾಯಿತಿಗಳು ಕೆಲವು ನಿಯಮಗಳನ್ನು ಈಗಲೇ ಬರೆದಿಟ್ಟುಕೊಳ್ಳಲಿ. ಅತಿಥಿಗಳಿಗೆ ಹತ್ತರಲ್ಲೊಂದು ಆಸನ ಸಾಕು, ಅದೂ ಪಕ್ಕದಲ್ಲಿ. ಕಣದ ಎದುರಿನ ಮುಂದಿನ ಸಾಲುಗಳು ಶಾಲಾ ಮಕ್ಕಳಿಗೆ, ಗರಡಿಯ ಹುಡುಗರಿಗೆ, ಆಡುವ ತಂಡಗಳ ಊರವರಿಗೆ ಮೀಸಲಾಗಲಿ. ಅತಿಥಿಯ ಆಸನಕ್ಕೆ ಬಂದ ಹಣದಲ್ಲಿ ಎಷ್ಟು ಪಾಲು ಆಟಗಾರರಿಗೆ ಹೋಯಿತೆಂಬ ಲೆಕ್ಕವನ್ನು ಟೂರ್ನಿ ಮುಗಿದ ವಾರದೊಳಗೆ ಫಲಕಕ್ಕೆ ಹಾಕಲಿ. ಸನ್ಮಾನ, ಭಾಷಣಗಳು ಫೈನಲ್ ಮುಗಿದ ಮೇಲೆ ನಡೆಯಲಿ. ಆಟ ನೋಡಲು ಬಂದ ಗಣ್ಯರು ಯಾರು, ಹಾರಕ್ಕೆ ಬಂದವರು ಯಾರು ಎಂಬುದು ಆಗ ತಾನಾಗಿ ತಿಳಿಯುತ್ತದೆ. ಪ್ರವಾಸಿಗರು ಬರಲಿ, ಟಿಕೆಟ್ ಕೊಂಡು ಗ್ಯಾಲರಿಯಲ್ಲಿ ಊರವರ ನಡುವೆ ಕೂರಲಿ, ಪಕ್ಕದವನಿಂದ ಪಟ್ಟಿನ ಹೆಸರು ಕೇಳಿ ಕಲಿಯಲಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಸಂಘಟಕರ ಒಂದು ಸಭೆಯ ಠರಾವು ಸಾಕು. ಮುಂದಿನ ಟೂರ್ನಿಯ ಕರಪತ್ರ ಅಚ್ಚಿಗೆ ಹೋಗುವ ಮುನ್ನ ಆ ಸಭೆ ಸೇರಲಿ.